ಕಟ್ಟಳೆ ಇರುವುದು ಯಾರಿಗಾಗಿ?



ನಿಮ್ಮ ನೆರೆಹೊರೆಯವರು ಎಂದಾದರೊಮ್ಮೆ ನಿಮ್ಮನ್ನು ಹೀಗೆ ಕೇಳಿರಬಹುದು: “ಏನ್ರೀ, ನಿಮ್ಮ ಧರ್ಮದಾಗ ಬರೇ ಕಟ್ಟಳೆಗಳೇ ತುಂಬ್ಯಾವಲ್ಲ? ರವಿವಾರ ಚರ್ಚಿಗೆ ಹೋಗಲೇಬೇಕು, ಶುಕ್ರವಾರ ಮಾಂಸ ತಿನ್ನಬಾರದು, ವರ್ಷಕ್ಕೊಮ್ಮೆ ಫಾದರ್ ಮುಂದ ಕೂತು ಪಾಪ ಹೇಳಬೇಕು, ಮದುವಿ ಅಂದರ ಹತ್ತು ಕಾಗದ ಕೇಳ್ತಾರ. ದೇವರು ಮನಸ್ಸಿನಾಗ ಇದ್ದರ ಸಾಲದೇನು?” ಹೀಗೆ ಕೇಳುವವರು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ನಮ್ಮ ಮನೆಯ ಮಕ್ಕಳೂ ಇದನ್ನೇ ಕೇಳುತ್ತಾರೆ. ದೊಡ್ಡವರು ಬಾಯಿಬಿಟ್ಟು ಕೇಳದಿದ್ದರೂ ಒಳಗೊಳಗೇ ಕೇಳಿಕೊಳ್ಳುತ್ತಾರೆ.

“ಹಾಗೆಲ್ಲ ಪ್ರಶ್ನೆ ಕೇಳಬಾರದು, ಧರ್ಮಸಭೆ ಹೇಳಿದೆ, ಸುಮ್ಮನೆ ಮಾಡು” ಎಂದು ಬಾಯಿ ಮುಚ್ಚಿಸುವುದು ಬಹಳ ಸುಲಭ. ಆದರೆ ಹಾಗೆ ಬಾಯಿ ಮುಚ್ಚಿಸಿಕೊಂಡ ಮಗ ಮುಂದೆ ಹೈದರಾಬಾದಿಗೋ ಪುಣೆಗೋ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಕೇಳುವವರು ಯಾರೂ ಇಲ್ಲದ ಮೊದಲ ಭಾನುವಾರವೇ ಕಟ್ಟಳೆ ಅವನ ಕೈಯಿಂದ ಜಾರಿರುತ್ತದೆ. ಕಾರಣ ತಿಳಿಯದೆ ಪಾಲಿಸಿದ್ದನ್ನು ಬಿಡುವುದಕ್ಕೂ ಕಾರಣ ಬೇಕಾಗುವುದಿಲ್ಲ ನೋಡಿ. ಆದ್ದರಿಂದ ಈ ವಾರ ಈ ಪ್ರಶ್ನೆಯನ್ನೇ ಎದುರಿಗೆ ಇಟ್ಟುಕೊಂಡು ಯೋಚಿಸೋಣ.

ಕಲ್ಯಾಣದ ನೆಲದಲ್ಲಿ ಈ ಪ್ರಶ್ನೆ

ಬಸವಕಲ್ಯಾಣ, ಹುಮನಾಬಾದ್, ಕೊಡಂಬಲದ ಕಡೆ ಇರುವ ನಮ್ಮವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. 12ನೇ ಶತಮಾನದಲ್ಲಿ ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿ ಮುಂತಾದ ಶರಣರು ಕೂಡಿ ಬಾಳಿದ ನೆಲವಿದು. ಅರ್ಥ ತಿಳಿಯದೆ ಮಾಡುವ ಆಚರಣೆಯನ್ನೂ, ಮೈಲಿಗೆ ಮಡಿಯೆಂದು ಮನುಷ್ಯರನ್ನು ದೂರವಿಡುವ ಕಟ್ಟುಪಾಡನ್ನೂ ಅವರು ನೇರವಾಗಿ ಪ್ರಶ್ನಿಸಿದರು. ಅಂಥ ಮಾತನ್ನು ಹುಟ್ಟಿನಿಂದ ಕೇಳುತ್ತಾ ಬೆಳೆದ ನೆರೆಯವರು ನಮ್ಮ ಕಟ್ಟಳೆಗಳನ್ನು ಪ್ರಶ್ನಿಸಿದರೆ ಅದರಲ್ಲಿ ಆಶ್ಚರ್ಯವೇನು?

ಹುಲ್ಲಿನ ಹಗ್ಗ ಹೊಸೆದು ಮಾರಿ ಜೀವಿಸುತ್ತಿದ್ದ ನುಲಿಯ ಚಂದಯ್ಯನವರ ಕಥೆ ನಿಮಗೆ ಗೊತ್ತಿರಬಹುದು. ಹುಲ್ಲು ಕೊಯ್ಯುವಾಗ ಅವರ ಕೊರಳಿನ ಲಿಂಗ ಜಾರಿ ಬಿತ್ತು. ಅವರು ಅದಕ್ಕಾಗಿ ಕೆಲಸ ನಿಲ್ಲಿಸದೆ ಹುಲ್ಲು ಹೊತ್ತುಕೊಂಡು ನಡೆದೇಬಿಟ್ಟರು, ಲಿಂಗವೇ ಅವರ ಬೆನ್ನು ಹತ್ತಿ ಬಂತು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಕಾಯಕ ನಿಲ್ಲಬಾರದು ಎಂಬುದು ಆ ಕಥೆಯ ಬಿಗಿ. ನಮ್ಮಲ್ಲಾದರೋ ವಾರಕ್ಕೊಂದು ದಿನ ಕಾಯಕ ನಿಲ್ಲಿಸಲೇಬೇಕೆಂಬ ಕಟ್ಟಳೆ ಇದೆ! ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಎದುರುಬದುರಾಗಿ ಕಾಣುತ್ತವೆ. ಸ್ವಲ್ಪ ತಾಳಿ, ಇದಕ್ಕೆ ಮತ್ತೆ ಬರೋಣ.

ಇನ್ನೊಂದು ಮಾತನ್ನೂ ಇಲ್ಲೇ ಗಮನಿಸಬೇಕು. ಹೊರಗಿನ ಆಡಂಬರವನ್ನು ಬೇಡವೆಂದ ಶರಣರು ನಿಯಮವೇ ಇಲ್ಲದೆ ಬದುಕಿದವರಲ್ಲ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಐದು ಆಚಾರಗಳನ್ನು ಆ ಪರಂಪರೆ ಇಂದಿಗೂ ಹೇಳಿಕೊಡುತ್ತದೆ. ನೆರೆಮನೆಯ ಅಜ್ಜ ಬೆಳಿಗ್ಗೆ ಲಿಂಗಪೂಜೆ ಆಗದೆ ನೀರೂ ಕುಡಿಯದಿರುವುದನ್ನು ನೀವೇ ಕಂಡಿರುತ್ತೀರಿ. ಮನಸ್ಸಿನಲ್ಲಿರುವ ಭಕ್ತಿಗೂ ದಿನ, ಹೊತ್ತು, ಕೈಕೆಲಸ ಬೇಕಾಗುತ್ತದೆ ಎಂಬುದು ಅವರಿಗೂ ತಿಳಿದಿತ್ತು. ಹಾಗಾದರೆ ಪ್ರಶ್ನೆ “ಕಟ್ಟಳೆ ಬೇಕೋ ಬೇಡವೋ” ಎಂಬುದಲ್ಲ. ಈ ಕಟ್ಟಳೆ ಯಾರನ್ನು ಕಾಯುತ್ತದೆ, ಯಾರ ಮೇಲೆ ಭಾರ ಹಾಕುತ್ತದೆ ಎಂದು ಕೇಳಬೇಕು. ನಮ್ಮ ಪ್ರಭು ಯೇಸುವೂ ಪರಿಸಾಯರ ಮುಂದೆ ಇದನ್ನೇ ಕೇಳಿದರು.

ಎರಡು ಬಗೆಯ ಕಟ್ಟಳೆ

ಜ್ಞಾನೋಪದೇಶದ ತರಗತಿಯಲ್ಲಿ ನಾವು ಕಲಿತದ್ದನ್ನು ಒಂದಿಷ್ಟು ನೆನಪು ಮಾಡಿಕೊಳ್ಳೋಣ. ದೇವರ ಹತ್ತು ಕಟ್ಟಳೆಗಳು ಬೇರೆ, ಧರ್ಮಸಭೆಯ ಕಟ್ಟಳೆಗಳು ಬೇರೆ. ಕೊಲ್ಲಬೇಡ, ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ ಎಂಬಂಥವು ದೇವರ ಕಟ್ಟಳೆಗಳು. ಅವುಗಳಿಂದ ಯಾವ ಗುರುವೂ, ಪೋಪ್ ಜಗದ್ಗುರುಗಳೂ ಯಾರಿಗೂ ವಿನಾಯಿತಿ ಕೊಡಲಾರರು. ಧರ್ಮಸಭೆಯ ಕಟ್ಟಳೆಗಳು ಆ ದೊಡ್ಡ ಆಜ್ಞೆಗಳನ್ನು ದಿನನಿತ್ಯದ ಬಾಳಿಗೆ ಇಳಿಸುವ ಏರ್ಪಾಡು. ಇವು ಕಾಲಕ್ಕೆ ತಕ್ಕಂತೆ ಬದಲಾಗಿವೆ, ಮುಂದೆಯೂ ಬದಲಾಗಬಹುದು.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇಂಥ ಐದನ್ನು ಹೇಳುತ್ತದೆ: ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಬಲಿಪೂಜೆಯಲ್ಲಿ ಪಾಲ್ಗೊಂಡು ದುಡಿಮೆಯಿಂದ ಬಿಡುವು ಪಡೆಯುವುದು, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡುವುದು, ಪಾಸ್ಕ ಕಾಲದಲ್ಲಾದರೂ ಪರಮಪ್ರಸಾದ ಸ್ವೀಕರಿಸುವುದು, ಉಪವಾಸ ಮತ್ತು ಮಾಂಸವರ್ಜನೆಯ ದಿನಗಳನ್ನು ಪಾಲಿಸುವುದು, ಶಕ್ತ್ಯನುಸಾರ ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು. ಇವು ಇದಕ್ಕಿಂತ ಕೆಳಗೆ ಇಳಿಯಬಾರದು ಎಂದು ಹಾಕಿದ ಗೆರೆ ಎಂದು ಆ ಗ್ರಂಥವೇ ತಿಳಿಸುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಈ ಐದನ್ನು ಮುಗಿಸಿದರೆ ಸ್ವರ್ಗದ ಟಿಕೆಟು ಸಿಕ್ಕಿತು ಎಂದುಕೊಳ್ಳುತ್ತಾರೆ. ಊಟದಲ್ಲಿ ಒಂದು ತುತ್ತಾದರೂ ತಿನ್ನು ಎಂದು ತಾಯಿ ಜ್ವರದ ಮಗುವಿಗೆ ಹೇಳುತ್ತಾಳೆ. ಆ ಒಂದು ತುತ್ತೇ ಪೂರ್ತಿ ಊಟವೆಂದು ಯಾವ ತಾಯಿಯೂ ತಿಳಿಯುವುದಿಲ್ಲ.

ಕಟ್ಟಳೆಯ ಹಿಂದೆ ನಿಂತಿರುವವರು

ಕಟ್ಟಳೆಗಳ ಇತಿಹಾಸ ನೋಡಿದರೆ ಒಂದೊಂದರ ಹಿಂದೆಯೂ ನೋವುಂಡ ಯಾರೋ ಒಬ್ಬರು ನಿಂತಿರುವುದು ಕಾಣುತ್ತದೆ. ಮೊದಲು ಭಾನುವಾರವನ್ನೇ ತೆಗೆದುಕೊಳ್ಳಿ.

ವಾರಕ್ಕೊಂದು ದಿನ ವಿಶ್ರಾಂತಿ ಎಂಬ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ, ವಿಮೋಚನಾಕಾಂಡದಲ್ಲೊಮ್ಮೆ, ಧರ್ಮೋಪದೇಶಕಾಂಡದಲ್ಲೊಮ್ಮೆ. ಎರಡರಲ್ಲೂ ವಿಶ್ರಾಂತಿ ಯಜಮಾನನಿಗೆ ಮಾತ್ರ ಇಲ್ಲ. ಮಗ, ಮಗಳು, ಆಳು, ಕೆಲಸದಾಕೆ, ಪರಊರಿನಿಂದ ಬಂದು ನೆಲಸಿದವನು ಎಲ್ಲರ ಹೆಸರನ್ನೂ ಹೇಳಿ, ಜೊತೆಗೆ ದನಕರುಗಳನ್ನೂ ಸೇರಿಸಲಾಗಿದೆ. ಇಸ್ರಯೇಲರು ಈಜಿಪ್ಟಿನಲ್ಲಿ ಬಿಡುವಿಲ್ಲದೆ ದುಡಿದ ಜೀತದವರಾಗಿದ್ದರು ಎಂಬ ನೆನಪನ್ನು ಧರ್ಮೋಪದೇಶಕಾಂಡ ಅದಕ್ಕೆ ಕಾರಣವಾಗಿ ಕೊಡುತ್ತದೆ. ನಿಲ್ಲಿಸು ಎಂದು ಹೇಳುವ ಧೈರ್ಯವಿಲ್ಲದವನ ಪರವಾಗಿ ದೇವರೇ ನಿಲ್ಲಿಸು ಎಂದು ಹೇಳಿದ ಆಜ್ಞೆ ಅದು.

ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೊಟ್ಟೆ ತುಂಬ ಮೇಯಿಸುತ್ತಾರೆ. ಆ ದಿನ ಅದರ ಹೆಗಲಿಗೆ ನೊಗ ತಾಕಿಸುವುದಿಲ್ಲ. ಬಿತ್ತನೆಯ ಅವಸರ ಎಷ್ಟೇ ಇದ್ದರೂ ಆ ದಿನ ಎತ್ತಿನದು. ದನಕ್ಕೆ ವರ್ಷಕ್ಕೊಂದು ದಿನ ಕೊಡುವ ಊರಿನಲ್ಲಿ ಕೂಲಿ ಮಾಡುವ ಹೆಣ್ಣುಮಗಳಿಗೆ ವಾರಕ್ಕೊಂದು ದಿನ ಕೊಡಬೇಕೆಂದರೆ ಅದು ಪರದೇಶದ ಮಾತಾಗುವುದಿಲ್ಲ.

ಚಂದಯ್ಯನವರ ಕಥೆಗೆ ಈಗ ಮರಳೋಣ. ಅವರು ತಮ್ಮ ಹಗ್ಗವನ್ನು ತಾವೇ ಹೊಸೆದರು. ಅವರ ದುಡಿಮೆಯಲ್ಲಿ ಇನ್ನೊಬ್ಬರ ಬೆವರು ಇರಲಿಲ್ಲ. ದುಡಿಮೆಗೆ ಮಾನ ತಂದುಕೊಟ್ಟದ್ದು ಶರಣರ ಕಾಯಕ, ದುಡಿಯುವವನಿಗೆ ಬಿಡುವು ತಂದುಕೊಟ್ಟದ್ದು ಭಾನುವಾರದ ಕಟ್ಟಳೆ. ಎರಡೂ ಕಣ್ಣಿಟ್ಟಿರುವುದು ಬೆನ್ನು ಬಾಗಿ ದುಡಿಯುವ ಮನುಷ್ಯನ ಮೇಲೆಯೇ. ಹಾಗಿರುವಾಗ ಭಾನುವಾರ ತಾನು ಪೂಜೆಗೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತು, ಮನೆಯ ಕೆಲಸದವಳಿಗೆ ಆ ದಿನವೂ ರಜೆ ಕೊಡದಿರುವ ಕುಟುಂಬ ಕಟ್ಟಳೆಯನ್ನು ಪಾಲಿಸಿತೋ ಮುರಿಯಿತೋ? ನನ್ನ ಮಟ್ಟಿಗೆ ಅರ್ಧವನ್ನು ಪಾಲಿಸಿ ಅರ್ಧವನ್ನು ಮುರಿದಿದೆ.

ಪಾಪನಿವೇದನೆಯ ಕಟ್ಟಳೆಯ ಕಥೆಯೂ ಹೀಗೆಯೇ. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ ಪಾಸ್ಕದಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂದು ಗೊತ್ತುಮಾಡಿತು. ಜನ ಪರಮಪ್ರಸಾದ ಸ್ವೀಕರಿಸುವುದೇ ಅಪರೂಪವಾಗಿದ್ದ ಕಾಲ ಅದು. ಅದೇ ಕಟ್ಟಳೆಯ ಮುಂದಿನ ಸಾಲುಗಳು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಕೇಳಿದ ಪಾಪವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಗೆಡಹುವ ಗುರುವನ್ನು ಪದವಿಯಿಂದ ಇಳಿಸಿ, ಜೀವಮಾನವಿಡೀ ಮಠದಲ್ಲಿ ಪ್ರಾಯಶ್ಚಿತ್ತಕ್ಕೆ ಕಳಿಸಬೇಕೆಂದು ಅಲ್ಲಿ ಹೇಳಿದೆ. ವಿಶ್ವಾಸಿಗೆ ವರ್ಷಕ್ಕೊಮ್ಮೆ ಬಾಯಿ ತೆರೆ ಎಂದ ಕಟ್ಟಳೆಯೇ ಗುರುವಿನ ಬಾಯಿಯನ್ನು ಸಾಯುವವರೆಗೆ ಕಟ್ಟಿಹಾಕಿತು. ಊರೆಲ್ಲ ಒಂದೇ ಬಾವಿಯ ನೀರು ಕುಡಿಯುವ ಹಳ್ಳಿಯಲ್ಲಿ ಬಡವನ ಗುಟ್ಟು ಉಳಿಯಬೇಕಾದರೆ ಅಷ್ಟು ಬಿಗಿ ಇರಲೇಬೇಕು.

ಮದುವೆಯ ಕಾಗದಗಳ ವಿಷಯ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವಂಥದು. ದೀಕ್ಷಾಸ್ನಾನದ ಪತ್ರ ತನ್ನಿ, ಸಾಕ್ಷಿಗಳು ಬೇಕು, ಮೂರು ಸಲ ಪೂಜೆಯಲ್ಲಿ ಹೆಸರು ಓದಬೇಕು ಎಂದು ಗುರುಗಳು ಹೇಳಿದಾಗ ಹುಡುಗನ ಮನೆಯವರಿಗೆ ಬೇಸರವಾಗುತ್ತದೆ. ಹಿಂದೊಂದು ಕಾಲದಲ್ಲಿ ಇದಾವುದೂ ಇರಲಿಲ್ಲ. ಗಂಡು ಹೆಣ್ಣು ಇಬ್ಬರೇ ಗುಟ್ಟಾಗಿ ಒಪ್ಪಿಗೆ ಕೊಟ್ಟುಕೊಂಡರೂ ಅದನ್ನು ಮದುವೆ ಎಂದೇ ಎಣಿಸುತ್ತಿದ್ದರು. ಪರಿಣಾಮ ನೀವೇ ಊಹಿಸಬಹುದು. ಸಾಕ್ಷಿ ಇಲ್ಲದ ಮದುವೆಯನ್ನು ಗಂಡಸು ಕೆಲ ವರ್ಷದ ಮೇಲೆ ಆಗಿಯೇ ಇಲ್ಲವೆನ್ನುತ್ತಿದ್ದ, ಎಲ್ಲರೆದುರು ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಿದ್ದ. ಮೊದಲಿನವಳು ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡು ಯಾವ ನ್ಯಾಯಸ್ಥಾನದ ಮುಂದೆ ನಿಲ್ಲಬೇಕು? ಮದುವೆಗೆ ಮೊದಲು ಹೆಸರು ಓದಬೇಕೆಂದು 1215ರ ಮಹಾಸಭೆಯೇ ಹೇಳಿತ್ತು. ಅದು ಸಾಲದೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ವಿಚಾರಣಾ ಗುರುಗಳು ಅಥವಾ ಅವರ ಅನುಮತಿ ಪಡೆದ ಗುರು, ಜೊತೆಗೆ ಇಬ್ಬರೋ ಮೂವರೋ ಸಾಕ್ಷಿಗಳು ಇಲ್ಲದ ಮದುವೆ ಮದುವೆಯೇ ಅಲ್ಲವೆಂದು ತೀರ್ಮಾನಿಸಿತು. ಮೋಸಹೋದ ಹೆಂಗಸರ ಕಣ್ಣೀರು ಆ ತೀರ್ಮಾನದ ಹಿಂದಿದೆ. ನಿಮ್ಮ ಮಗಳ ಮದುವೆಯ ಹೊತ್ತಿಗೆ ಆ ನಾಲ್ಕು ಕಾಗದ ಹುಡುಕಲು ಒಂದು ವಾರ ಅಲೆದಾಡಬೇಕಾದರೆ, ಅಲೆದಾಡಿ.

ಉಪವಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪೋಪ್ ಜಗದ್ಗುರು ಆರನೇ ಪೌಲರು 1966ರ ಫೆಬ್ರವರಿ 17ರಂದು ಪ್ರಾಯಶ್ಚಿತ್ತದ ನಿಯಮಗಳನ್ನು ಹೊಸದಾಗಿ ರೂಪಿಸಿದರು. ಉಂಡು ತಿಂದು ಸುಖವಾಗಿರುವ ನಾಡುಗಳಲ್ಲಿ ಜನ ಲೌಕಿಕದಲ್ಲಿ ಮುಳುಗದೆ ತ್ಯಾಗದ ಸಾಕ್ಷಿ ಕೊಡಬೇಕು, ಬಡತನದಲ್ಲಿರುವವರು ತಮ್ಮ ಕಷ್ಟವನ್ನೇ ದೇವರಿಗೆ ಅರ್ಪಿಸಬೇಕು ಎಂದು ಅಲ್ಲಿ ವಿವರಿಸಿದ್ದಾರೆ. ಈಗ ಉಪವಾಸ ಕಡ್ಡಾಯವಾಗಿರುವುದು ವಿಭೂತಿ ಬುಧವಾರ ಮತ್ತು ಶುಭಶುಕ್ರವಾರ ಎರಡೇ ದಿನ, ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಮಾಂಸವರ್ಜನೆ 14 ತುಂಬಿದ ಮೇಲೆ. ಹಬ್ಬಕ್ಕೊಮ್ಮೆ ಮಾತ್ರ ಮಾಂಸ ಕಾಣುವ ಮನೆಗೆ ಶುಕ್ರವಾರ ಮಾಂಸ ಬಿಡು ಎಂದರೆ ಅದೇನು ದೊಡ್ಡ ತ್ಯಾಗ? ಅಂಥವರು ಆ ದಿನ ಕುಡಿತ ಬಿಡಲಿ, ಟಿವಿಯ ಧಾರಾವಾಹಿ ಬಿಡಲಿ. ಉಳಿದ ಹಣ ಪಕ್ಕದ ಮನೆಯ ವಿಧವೆಯ ಕೈಗೆ ಹೋದರೆ ಇನ್ನೂ ಒಳ್ಳೆಯದು.

ಕಟ್ಟಳೆಯನ್ನು ಮರೆಮಾಡಿಕೊಂಡು

ಇಷ್ಟು ಹೇಳಿದ ಮೇಲೆ ಕಟ್ಟಳೆಯ ಇನ್ನೊಂದು ಮುಖವನ್ನೂ ನೋಡಬೇಕು. ಕಾಯಬೇಕಾದದ್ದನ್ನೇ ಮುಂದೆ ಹಿಡಿದು ಹೊಡೆಯುವವರೂ ಇದ್ದಾರೆ. ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ ತೆರೆದು ನೋಡಿ. ಮುಪ್ಪಾದ ತಂದೆತಾಯಿಗೆ ಕೊಡಬೇಕಾದ ಹಣವನ್ನು ದೇವರಿಗೆ ಮುಡಿಪಾಗಿಟ್ಟಿದ್ದೇನೆ ಎಂದು ಹೇಳಿ ನುಣುಚಿಕೊಳ್ಳುವ ಪದ್ಧತಿ ಆಗ ಇತ್ತು. ಹರಕೆಯ ಹೆಸರಿನಲ್ಲಿ ತಾಯಿಯ ಹೊಟ್ಟೆಗೆ ಕಲ್ಲು ಹಾಕುವ ಕೆಲಸ ಅದು. ಯೇಸುಸ್ವಾಮಿ ಅದನ್ನು ಸಿಟ್ಟಿನಿಂದಲೇ ಖಂಡಿಸಿದರು. 18 ವರ್ಷದಿಂದ ಬೆನ್ನು ನೆಟ್ಟಗಾಗದೆ ನರಳಿದ ಹೆಂಗಸನ್ನು ವಿಶ್ರಾಂತಿಯ ದಿನವೇ ಗುಣಪಡಿಸಿದಾಗ ಪ್ರಾರ್ಥನಾ ಮಂದಿರದ ಮುಖಂಡ ಕೆರಳಿದ. ಎತ್ತು ಕತ್ತೆಗಳನ್ನು ಆ ದಿನವೂ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುತ್ತೀರಲ್ಲ, ಇವಳನ್ನು ಬಿಚ್ಚಬಾರದೇ ಎಂದು ಸ್ವಾಮಿ ಕೇಳಿದ್ದನ್ನು ಲೂಕನು ಬರೆದಿದ್ದಾನೆ. ಹಾಗೆಂದು ಅವರು ಕಟ್ಟಳೆಯನ್ನೇ ಕಿತ್ತುಹಾಕಲಿಲ್ಲ. ಪುದೀನ, ಜೀರಿಗೆಯಲ್ಲೂ ಹತ್ತನೇ ಪಾಲು ಲೆಕ್ಕಹಾಕಿ ಕೊಟ್ಟು ನ್ಯಾಯ, ಕರುಣೆಗಳನ್ನು ಮರೆತವರಿಗೆ ಸ್ವಾಮಿ ಹೇಳಿದ್ದು ಎರಡನ್ನೂ ಮಾಡಿ ಎಂದೇ.

ಧರ್ಮಸಭೆಯ ಕಾನೂನು ಸಂಹಿತೆ 1983ರದು. ಅದರಲ್ಲಿ 1752 ವಿಧಿಗಳಿವೆ. ಕಟ್ಟಕಡೆಯ ವಿಧಿ ಗುರುಗಳ ವರ್ಗಾವಣೆಯ ಕುರಿತಾದದ್ದು, ಬಹಳ ಒಣ ವಿಷಯ. ಆದರೆ ಅದರ ಕೊನೆಯಲ್ಲಿ ಆತ್ಮಗಳ ರಕ್ಷಣೆಯೇ ಧರ್ಮಸಭೆಯಲ್ಲಿ ಎಲ್ಲಕ್ಕೂ ಮೇಲಿನ ಕಾನೂನಾಗಿರಬೇಕು ಎಂಬ ಮಾತು ಸೇರಿದೆ. ಈ ಮಾತು ಬರೇ ಅಲಂಕಾರವಾಗಿ ಉಳಿದಿಲ್ಲ ಎಂಬುದನ್ನು ನಾವು 2020ರಲ್ಲಿ ಕಂಡೆವು. ಆ ಮಾರ್ಚ್ ತಿಂಗಳಲ್ಲಿ ಕೊರೊನಾ ಕಾರಣ ದೇಶವೇ ಮುಚ್ಚಿದಾಗ ಭಾನುವಾರದ ಪೂಜೆಯ ಕಡ್ಡಾಯದಿಂದ ಧರ್ಮಾಧ್ಯಕ್ಷರುಗಳೇ ವಿಶ್ವಾಸಿಗಳನ್ನು ಬಿಡಿಸಿದರು. ನೂರಾರು ವರ್ಷದ ಕಟ್ಟಳೆ ನೆರೆಯವನ ಉಸಿರಿಗಾಗಿ ದಾರಿ ಬಿಟ್ಟುಕೊಟ್ಟಿತು.

ಗುರುಗಳು ದೂರವಿರುವ ಊರಿನಲ್ಲಿ

ಈಗ ಕೊಡಂಬಲದಂಥ ಊರಿನ ಒಂದು ಕಥೋಲಿಕ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. 2005ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರ ಹುಟ್ಟಿದ ಮೇಲೆ ಬೀದರ್ ಜಿಲ್ಲೆ ಅದಕ್ಕೆ ಸೇರಿದೆ. ಜಿಲ್ಲೆ ದೊಡ್ಡದು, ಕಥೋಲಿಕರು ಬೆರಳೆಣಿಕೆಯಷ್ಟು, ಗುರುಗಳು ಇನ್ನೂ ಕಡಿಮೆ. ಪ್ರತಿ ಭಾನುವಾರ ಬಸ್ಸು ಹಿಡಿದು ಪೂಜೆಗೆ ಹೋಗಿಬರಲು ಇಡೀ ದಿನವೂ, ಕೂಲಿಯ ಒಂದು ಭಾಗವೂ ಬೇಕು. ಮಿರಗ ಮಳೆ ಬಿದ್ದು ಹೊಲ ಹದಕ್ಕೆ ಬಂದಿರುವುದು ಶನಿವಾರ ಸಂಜೆ. ಭಾನುವಾರ ಕೂರಿಗೆ ಹೂಡದಿದ್ದರೆ ಸೋಮವಾರಕ್ಕೆ ಹದ ಆರಿಹೋಗಬಹುದು, ಇಲ್ಲವೇ ಮತ್ತೆ ಮಳೆ ಹಿಡಿದು ಎರೆಭೂಮಿಯಲ್ಲಿ ಕಾಲಿಡಲಾಗದೆ ಹೋಗಬಹುದು. ಮನೆಯ ಹಿರಿಮಗನಿಗೆ ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ, ಭಾನುವಾರವೂ ಹೋಗಬೇಕು. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಸೊಸೆಗೆ ಮನೆ ಬಿಟ್ಟು ಕದಲಲಾಗದು. ಈ ಮನೆಯವರೆಲ್ಲ ಪ್ರತಿವಾರ ಪಾಪ ಮಾಡುತ್ತಿದ್ದಾರೆಯೇ?

ಇಲ್ಲ. ಕಾಯಿಲೆಯವರ, ಎಳೆಮಕ್ಕಳ ಆರೈಕೆಯಂಥ ಗಂಭೀರ ಕಾರಣ ಇದ್ದವರು ಕಟ್ಟಳೆಯಿಂದ ಬಿಡುಗಡೆ ಹೊಂದಿರುತ್ತಾರೆ ಎಂದು ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಆ ಸೊಸೆ ಅತ್ತೆಯ ಮೈ ಒರೆಸುತ್ತಾ ಕಳೆದ ಭಾನುವಾರವನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡು ಅಳಬೇಕಾಗಿಲ್ಲ. ಪಾಳಿಯ ಮಗ ಶನಿವಾರ ಸಂಜೆಯ ಪೂಜೆಗೆ ಹೋದರೆ ಭಾನುವಾರದ ಕಟ್ಟಳೆ ಸಂದಂತೆಯೇ. ಬಿತ್ತನೆಯ ವಿಷಯವನ್ನು ಗುರುಗಳಿಗೆ ತಿಳಿಸಿ, ನ್ಯಾಯವಾದ ಕಾರಣವಿದ್ದಾಗ ವಿನಾಯಿತಿ ಕೊಡುವ ಅಧಿಕಾರ ವಿಚಾರಣಾ ಗುರುಗಳಿಗೇ ಇದೆ. ಸ್ವಾರಸ್ಯದ ಸಂಗತಿ ಏನೆಂದರೆ 321ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ರಜೆಯ ಕಾನೂನು ಮಾಡಿದಾಗಲೂ ಪಟ್ಟಣದವರಿಗೆ ರಜೆ ಎಂದು ಹೇಳಿ ರೈತರನ್ನು ಬಿಟ್ಟಿದ್ದ. ಹದ ತಪ್ಪಿದರೆ ಬೆಳೆ ತಪ್ಪುತ್ತದೆ ಎಂಬುದು ಚಕ್ರವರ್ತಿಗೂ ಗೊತ್ತಿತ್ತು. ಆದರೆ ಬಿತ್ತನೆಯ ಒಂದು ಭಾನುವಾರದ ಕಾರಣವನ್ನು ವರ್ಷದ ಎಲ್ಲ ಭಾನುವಾರಗಳಿಗೂ ಎಳೆಯುವುದು ಬೇರೆ ಮಾತು. ಅದನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ.

ಪೂಜೆಗೆ ಹೋಗಲಾಗದ ಭಾನುವಾರ ಸುಮ್ಮನೆ ಕಳೆದುಹೋಗಬೇಕಾಗಿಲ್ಲ. ಗುರುಗಳಿಲ್ಲದೆ ಅಥವಾ ಇನ್ನಾವುದೋ ಗಂಭೀರ ಕಾರಣಕ್ಕೆ ಪೂಜೆ ಸಾಧ್ಯವಾಗದಿದ್ದಾಗ ವಿಶ್ವಾಸಿಗಳು ಮನೆಯಲ್ಲಿ ಅಥವಾ ಒಂದೆರಡು ಕುಟುಂಬಗಳು ಕೂಡಿ ತಕ್ಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ಕಳೆಯಲಿ ಎಂದು ಸಂಹಿತೆ ಬಲವಾಗಿ ಶಿಫಾರಸು ಮಾಡುತ್ತದೆ. ಆ ದಿನದ ಶುಭಸಂದೇಶವನ್ನು ಮನೆಯ ಮಗಳು ಓದಲಿ, ಅಪ್ಪ ಜಪಸರ ಹಿಡಿಯಲಿ. ಕೂಲಿಗೆ ಬಂದವರನ್ನು ಆ ದಿನ ಬೇಗ ಕಳಿಸಿಕೊಡಿ.

ಇದರಿಂದ ಏನು ಉಳಿದೀತು ಎಂದು ಅನುಮಾನವೇ? ನಮ್ಮ ಕರಾವಳಿಯ ಕಥೋಲಿಕರು 1784ರಿಂದ 1799ರವರೆಗೆ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದರು. ಅವರ ಚರ್ಚುಗಳು ನೆಲಸಮವಾಗಿದ್ದವು, ಗುರುಗಳನ್ನು ನಾಡಿನಿಂದ ಹೊರಹಾಕಲಾಗಿತ್ತು. ಬಿಡುಗಡೆಯಾಗಿ ಬಂದವರು ಮತ್ತೆ ಚರ್ಚು ಕಟ್ಟಿದರು. ಜಪಾನಿನದು ಇದಕ್ಕಿಂತಲೂ ದೊಡ್ಡ ಕಥೆ. 1614ರಲ್ಲಿ ಅಲ್ಲಿ ಕ್ರೈಸ್ತ ಧರ್ಮವನ್ನು ದೇಶಕ್ಕೆ ದೇಶವೇ ನಿಷೇಧಿಸಿದರು. ಕೆಲ ದಶಕಗಳಲ್ಲಿ ಒಬ್ಬ ಗುರುವೂ ಉಳಿಯಲಿಲ್ಲ. 1865ರ ಮಾರ್ಚ್ 17ರಂದು ನಾಗಾಸಾಕಿಯ ಓರಾ ಚರ್ಚಿಗೆ ಉರಕಾಮಿ ಎಂಬ ಹಳ್ಳಿಯ ಕೆಲವರು ಬಂದು, ಫ್ರೆಂಚ್ ಗುರು ಪೆಟಿಜಾನ್‌ರ ಬಳಿ ತಮ್ಮ ವಿಶ್ವಾಸವೂ ಅವರದೂ ಒಂದೇ ಎಂದು ಮೆಲ್ಲಗೆ ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ಕೇಳಿದರು. ಎರಡು ನೂರಕ್ಕೂ ಹೆಚ್ಚು ವರ್ಷ ಅವರು ಮಕ್ಕಳಿಗೆ ತಾವೇ ದೀಕ್ಷಾಸ್ನಾನ ಕೊಟ್ಟುಕೊಂಡು, ಹಬ್ಬಗಳ ಪಂಚಾಂಗವನ್ನು ತಲೆಯಿಂದ ತಲೆಗೆ ದಾಟಿಸಿಕೊಂಡು ಬಂದಿದ್ದರು. ಚರ್ಚಿಗೆ ಬಂದ ದಿನವೂ ತಪಸ್ಸುಕಾಲವೆಂದು ಅವರಿಗೆ ಗೊತ್ತಿತ್ತು. ಗುರುಗಳಿರಲಿಲ್ಲ, ಪೂಜೆ ಇರಲಿಲ್ಲ. ಈ ದಿನ ಇದನ್ನು ಮಾಡಬೇಕು ಎಂಬ ನಿಯಮವನ್ನು ಮಾತ್ರ ಅಜ್ಜಿ ಮೊಮ್ಮಗಳಿಗೆ ಹೇಳಿಕೊಟ್ಟಿದ್ದಳು.

ಮೆಥೋಡಿಸ್ಟ್ ಮನೆಯ ಸಂಬಂಧ

ನಮ್ಮ ಜಿಲ್ಲೆಯ ಓದುಗರಿಗೆ ಇನ್ನೊಂದು ಮಾತು ಹೇಳದೆ ಮುಗಿಸಲಾಗದು. ಬೀದರ್ ಕಡೆ ಕ್ರೈಸ್ತರೆಂದರೆ ಬಹುಪಾಲು ಮೆಥೋಡಿಸ್ಟ್ ಸಭೆಯವರು. ಕಥೋಲಿಕ ಹುಡುಗಿಗೆ ಅಲ್ಲಿಂದ ಸಂಬಂಧ ಬರುವುದು ಸಹಜ. ಆಗ ಮನೆಯಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಕೆಲವರು “ಧರ್ಮಸಭೆ ಒಪ್ಪೋದಿಲ್ಲ” ಎಂದು ಒಳ್ಳೆಯ ಸಂಬಂಧವನ್ನು ಮುರಿಯುತ್ತಾರೆ. ಇನ್ನು ಕೆಲವರು ಗುರುಗಳ ಕಿವಿಗೂ ಹಾಕದೆ ಮದುವೆ ಮಾಡಿ ಮುಗಿಸಿ, ಆಮೇಲೆ ಹುಡುಗಿ ವರ್ಷಗಟ್ಟಲೆ ಪರಮಪ್ರಸಾದಕ್ಕೆ ಹೋಗಲು ಅಂಜುವಂತೆ ಮಾಡುತ್ತಾರೆ. ಎರಡೂ ಬೇಡ. ತಂದೆ, ಸುತ, ಪವಿತ್ರಾತ್ಮರ ನಾಮದಲ್ಲಿ ನೀರಿನಿಂದ ಪಡೆದ ಅವರ ದೀಕ್ಷಾಸ್ನಾನವನ್ನು ಧರ್ಮಸಭೆ ಮಾನ್ಯ ಮಾಡುತ್ತದೆ. ಇಂಥ ಮದುವೆಗೆ ಧರ್ಮಾಧ್ಯಕ್ಷರ ಅನುಮತಿ ಬೇಕು, ಅದು ಸಿಗುತ್ತದೆ. ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಎಂದು ಕಥೋಲಿಕ ಸಂಗಾತಿ ಮಾತು ಕೊಡಬೇಕು. ಹಿಂದೆ ಇಬ್ಬರಿಂದಲೂ ಮಾತು ತೆಗೆದುಕೊಳ್ಳುತ್ತಿದ್ದರು. 1970ರಲ್ಲಿ ಆರನೇ ಪೌಲರು ಅದನ್ನು ಸಡಿಲಿಸಿದರು. ಈಗ ಇನ್ನೊಬ್ಬರಿಗೆ ಆ ಮಾತಿನ ವಿಷಯ ತಿಳಿಸಿದರೆ ಸಾಕು, ಅವರಿಂದ ಏನನ್ನೂ ಬರೆಸಿಕೊಳ್ಳುವುದಿಲ್ಲ. ತಕ್ಕ ಕಾರಣವಿದ್ದರೆ ಮದುವೆ ಮೆಥೋಡಿಸ್ಟ್ ಚರ್ಚಿನಲ್ಲೇ ನಡೆಯಲೂ ಧರ್ಮಾಧ್ಯಕ್ಷರು ಒಪ್ಪಿಗೆ ಕೊಡಬಹುದು. ದಿನ ಗೊತ್ತುಮಾಡಿ, ಕಾರ್ಡು ಅಚ್ಚು ಹಾಕಿಸುವ ಮೊದಲೇ, ಮೂರು ನಾಲ್ಕು ತಿಂಗಳು ಮುಂಚಿತವಾಗಿ ಗುರುಗಳನ್ನು ಕಂಡು ಮಾತನಾಡಿ.

ಹಾಸಿಗೆ ಹಿಡಿದ ಆ ಅತ್ತೆಯ ಮಾತು ಬಾಕಿ ಇದೆ. 1953ಕ್ಕೆ ಮೊದಲು ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಒಂದು ಹನಿ ನೀರನ್ನೂ ಕುಡಿಯುವಂತಿರಲಿಲ್ಲ. ಆ ವರ್ಷ ಹನ್ನೆರಡನೇ ಪಯಸರು ನೀರಿಗೆ ಅಡ್ಡಿಯಿಲ್ಲವೆಂದರು, 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೇ ಪೌಲರು ಒಂದು ಗಂಟೆ ಮಾಡಿದರು. ರಾತ್ರಿಪಾಳಿಯವರು, ಬಸುರಿ ಹೆಂಗಸರು, ದೂರದಿಂದ ನಡೆದು ಬರುವವರು ಪ್ರಸಾದದಿಂದ ದೂರ ಉಳಿಯಬಾರದು ಎಂಬುದೇ ಇದರ ಉದ್ದೇಶ. ನಮ್ಮ ಹಿರಿಯರಲ್ಲಿ ಕೆಲವರು ಈಗಲೂ ಹಳೆಯ ಲೆಕ್ಕದಲ್ಲೇ ಇದ್ದಾರೆ. ಗುರುಗಳು ಪರಮಪ್ರಸಾದ ತರುತ್ತಾರೆಂದು ಮಾತ್ರೆಯನ್ನೂ ನುಂಗದೆ ಬೆಳಗಿನಿಂದ ಬಾಯಾರಿ ಮಲಗಿರುತ್ತಾರೆ. ಅವರಿಗೆ ತಿಳಿಸಿ ಹೇಳಿ: ವಯಸ್ಸಾದವರಿಗೆ, ಕಾಯಿಲೆಯವರಿಗೆ ಆ ಒಂದು ಗಂಟೆಯ ಲೆಕ್ಕವೂ ಇಲ್ಲ. ಅವರ ಆರೈಕೆ ಮಾಡುವವರಿಗೂ ಇಲ್ಲ. ಗುರುಗಳು ಬಾಗಿಲಿಗೆ ಬಂದಾಗ ಅತ್ತೆ ಆಗಷ್ಟೇ ಗಂಜಿ ಕುಡಿದಿದ್ದರೂ, ಕುಡಿಸಿದ ಸೊಸೆ ಅಡುಗೆಮನೆಯಲ್ಲಿ ನಿಂತೇ ಅರ್ಧ ರೊಟ್ಟಿ ತಿಂದಿದ್ದರೂ, ಇಬ್ಬರೂ ಪ್ರಸಾದ ಸ್ವೀಕರಿಸಬಹುದು.